ಸಂಘದ ಸಾಲ, ಬೆಳೆಯ ಕಾಲ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಂಥ ಊರುಗಳಲ್ಲಿ “ಸಂಘದ ಸಾಲ” ಎಂಬ ಮಾತಿಗೆ ಎರಡು ಅರ್ಥವುಂಟು. ಹೆಂಗಸರು ತಾವೇ ವಾರವಾರ ಕೂಡಿಟ್ಟ ಉಳಿತಾಯದ ಬಲದಿಂದ ಪಡೆಯುವ ಸಾಲ ಒಂದು. ಕಂಪನಿ ತಾನೇ ಹೆಂಗಸರ ಗುಂಪು ಕಟ್ಟಿಸಿ ಕೊಡುವ ಸಾಲ ಮತ್ತೊಂದು. ಹೆಸರು ಒಂದಾದರೂ ಗುಣ ಬೇರೆ.

ಮೊದಲನೆಯದರಿಂದ ಉಪಕಾರವಾಗಿರುವುದು ನಿಜ. ೧೯೮೦ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದಲ್ಲಿ ಇಂಥ ಗುಂಪುಗಳನ್ನು ಬೆಳೆಸಿತು. ೧೯೯೨ರಲ್ಲಿ ನಬಾರ್ಡ್ ಅವುಗಳಿಗೂ ಬ್ಯಾಂಕುಗಳಿಗೂ ಸಂಬಂಧ ಕಲ್ಪಿಸಲಾರಂಭಿಸಿತು. ೨೦೦೦-೦೧ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದಿತು. ಪಹಣಿ ಗಂಡನ ಹೆಸರಿನಲ್ಲಿದ್ದರೆ ಹೆಂಡತಿಗೆ ಬೆಳೆಸಾಲ ಹುಟ್ಟುವುದು ಕಷ್ಟ. ೨೦೧೫-೧೬ರ ಕೃಷಿ ಗಣತಿಯಂತೆ ದೇಶದ ನೂರು ಹಿಡುವಳಿಗಳಲ್ಲಿ ಹೆಂಗಸರವು ಸುಮಾರು ೧೪ ಮಾತ್ರ. ಪಹಣಿ ಕೇಳದ ಸಾಲದಿಂದ ಆಕೆ ಹಸು ಕೊಂಡರೆ, ಡೈರಿಗೆ ಹಾಕಿದ ಹಾಲಿನ ಹಣದಲ್ಲಿ ಕಂತು ಕಟ್ಟುತ್ತಾಳೆ. ಗೊಬ್ಬರ ಹೊಲಕ್ಕೆ ಉಳಿಯುತ್ತದೆ.

ಆದರೆ ಶುಂಠಿ ಹಾಲಲ್ಲ. ನೆಟ್ಟ ಮೇಲೆ ಎಂಟು ಹತ್ತು ತಿಂಗಳು ಅದರಿಂದ ಕಾಸು ಬಾರದು. ವಾರದ ಕಂತಿನವನಾದರೋ ಮುಂದಿನ ವಾರವೇ ಬಾಗಿಲಿಗೆ ಬರುತ್ತಾನೆ. ಆಗ ಸ್ವಂತ ಹೊಲದ ಕಳೆ ಬಿಟ್ಟು ಕೂಲಿಗೆ ಹೋಗಬೇಕು, ಇಲ್ಲವೆ ಇನ್ನೊಂದು ಸಾಲ ಮಾಡಬೇಕು. ಗಿರಣಿಯ ಬಂಧುಗಳೇ, ನಿಮಗೆ ಸಂಬಳದ ದಿನ ಗೊತ್ತು. ಹೊಲಕ್ಕೆ ಅಂಥ ದಿನವಿಲ್ಲ.

ವರ್ತಕ ಮಿತ್ರರು ಈ ಲೆಕ್ಕ ನೋಡಲಿ. ೧೦,೦೦೦ ರೂಪಾಯಿ ಸಾಲಕ್ಕೆ ವಾರಕ್ಕೆ ೨೨೪ರಂತೆ ೫೦ ವಾರ ಕಟ್ಟಿದರೆ ೧೧,೨೦೦ ಆಯಿತು. ನೂರಕ್ಕೆ ೧೨ರ ಬಡ್ಡಿಯೆಂದು ತೋರುತ್ತದೆ. ಅಸಲು ವಾರವಾರ ಕರಗುವುದರಿಂದ ಸರಾಸರಿ ಕೈಯಲ್ಲಿರುವುದು ಅರ್ಧ ಮಾತ್ರ. ನಿಜವಾದ ಬಡ್ಡಿ ಸುಮಾರು ೨೪.

ವಸೂಲಿಯ ಕಿರುಕುಳ ಮಿತಿಮೀರಿದಾಗ ೨೦೨೫ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ೧೦ ವರ್ಷದ ತನಕ ಸಜೆ, ೫ ಲಕ್ಷದ ತನಕ ದಂಡ ಗೊತ್ತುಮಾಡಿತು. ದಬ್ಬಾಳಿಕೆಗೆ ಶಿಕ್ಷೆ ಬೇಕೇ ಬೇಕು. ಆದರೆ ಶಿಕ್ಷೆಯಿಂದ ಶುಂಠಿ ಬೇಗ ಬೆಳೆಯದು.

ರಿಸರ್ವ್ ಬ್ಯಾಂಕಿನ ೨೦೨೨ರ ನಿಯಮದಂತೆ ಸಂಸಾರದ ಒಟ್ಟು ಕಂತು ತಿಂಗಳ ಆದಾಯದ ಅರ್ಧವನ್ನು ಮೀರಕೂಡದು. ಸಾಲಗಾರರ ಅನುಕೂಲಕ್ಕೆ ತಕ್ಕಂತೆ ಕಂತಿನ ಅವಧಿ ಇಡುವ ನೀತಿಯನ್ನೂ ಸಾಲ ಕೊಡುವವರು ಮಾಡಿಕೊಳ್ಳಬೇಕು. ಇದನ್ನೇ ಹೆಂಗಸರು ಗುಂಪಾಗಿ ನಿಂತು ಕೇಳಲಿ: ಹಸುವಿಗೆ ಹಾಲಿನ ಬಟವಾಡೆಯಂದು ಕಂತು, ಶುಂಠಿಗೆ ಕಿತ್ತು ಮಾರಿದ ಮೇಲೆ ಕಂತು. ರುಜು ಹಾಕುವ ಮುನ್ನ ಕೇಳುವುದು ಅವರ ಹಕ್ಕು. ಅವರ ಬೆನ್ನಿಗೆ ನಿಲ್ಲುವುದು ನಮ್ಮೆಲ್ಲರ ಕೆಲಸ.