ಟ್ಯೂಟರ್ ಮಾತಾಡುತ್ತಾರೆ, ಮಗು ತಲೆಯಾಡಿಸುತ್ತದೆ, ಕಲಿಯುವವರು ಯಾರು?



ಮೂರು ದಶಕಗಳಿಗೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಪಾಠ ಹೇಳಿ ಅನ್ನ ಉಂಡವನು ಮನೆಪಾಠದ ವಿರುದ್ಧ ಬರೆಯುವುದೇ ಎಂದು ನೀವು ಹುಬ್ಬೇರಿಸಬಹುದು. ಮಗುವಿಗೆ ತಿಳಿಯದ್ದನ್ನು ಬಲ್ಲವರಿಂದ ಹೇಳಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಹಣ ತೆತ್ತು ಮಗುವಿನ ಯೋಚನೆಯ ಕೆಲಸವನ್ನೇ ಇನ್ನೊಬ್ಬರಿಂದ ಮಾಡಿಸುವುದಕ್ಕೆ ಮಾತ್ರ ನನ್ನ ವಿರೋಧ.

2025ರ ಮಾರ್ಚ್ ತಿಂಗಳಿನಲ್ಲಿ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆ. ಹನ್ನೊಂದನೆಯ ತರಗತಿಯ ಮೊಮ್ಮಗಳು ಮೇ ತಿಂಗಳ ಎಪಿ ಸೈಕಾಲಜಿ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಳು. ಎಪಿ ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಮಟ್ಟದ ವಿಷಯವೊಂದನ್ನು ಓದಿ, ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಪರೀಕ್ಷೆಯನ್ನು ಬರೆಯುವ ವ್ಯವಸ್ಥೆ. ಅಂಕ 1ರಿಂದ 5ರವರೆಗೆ. 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅನೇಕ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ. ಕೆಲವು 4 ಅಥವಾ 5 ಬೇಕೆನ್ನುತ್ತವೆ.

ವಾರಕ್ಕೆರಡು ಸಂಜೆ ಕಂಪ್ಯೂಟರ್ ಪರದೆಯ ಮೇಲೆ ಟ್ಯೂಟರ್ ಬರುತ್ತಿದ್ದರು. ವಿಷಯ ಬಲ್ಲವರು, ಮಾತುಗಾರರು. ಒಂದು ಗಂಟೆಯಲ್ಲಿ ಐವತ್ತು ನಿಮಿಷ ಅವರದೇ ಮಾತು. ಕೊನೆಗೆ ಅವರೇ ಸಿದ್ಧಪಡಿಸಿದ ಕಾರ್ಡುಗಳು: ಒಂದು ಬದಿಯಲ್ಲಿ ಪದ, ಇನ್ನೊಂದು ಬದಿಯಲ್ಲಿ ಅರ್ಥ. ಮೊಮ್ಮಗಳು ತಲೆಯಾಡಿಸುತ್ತಿದ್ದಳು, ಎಲ್ಲರಿಗೂ ತೃಪ್ತಿ. ನಾಲ್ಕು ತಿಂಗಳ ಈ ಪಾಠದ ಬಳಿಕ ಅಭ್ಯಾಸ ಪರೀಕ್ಷೆಯಲ್ಲಿ ಬಂದದ್ದು 2. "ಎಲ್ಲಾ ಗೊತ್ತಿತ್ತು ತಾತ, ಪ್ರಶ್ನೆ ನೋಡಿದ್ರೆ ಏನೂ ಹೊಳೀಲಿಲ್ಲ. ನಂಗೆ ತಲೆನೇ ಇಲ್ಲ" ಎಂದು ಅತ್ತಳು. ಅಂದು ರಾತ್ರಿ ಮಗಳೂ ಅಳಿಯಂದಿರೂ ಕೈಗೊಂಡ ತೀರ್ಮಾನ, ವಾರಕ್ಕೆ ಎರಡರ ಬದಲು ನಾಲ್ಕು ಸಂಜೆ ಪಾಠ! ಔಷಧಿ ನಾಟದಿದ್ದರೆ ಅದನ್ನೇ ಎರಡು ಪಾಲು ಕುಡಿಸುವ ವೈದ್ಯ ಇದು.

ವಿಪರ್ಯಾಸವೆಂದರೆ, ಮಗು ಓದುತ್ತಿದ್ದ ವಿಷಯವೇ ಮನೋವಿಜ್ಞಾನ. ಮನುಷ್ಯ ಹೇಗೆ ಕಲಿಯುತ್ತಾನೆ, ಹೇಗೆ ಮರೆಯುತ್ತಾನೆ ಎಂಬುದು ಅದರ ಒಂದು ಮುಖ್ಯ ಭಾಗ. ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಲಿತು, ಮರೆವು ಮೊದಮೊದಲು ಎಷ್ಟು ವೇಗವಾಗಿ ಆವರಿಸುತ್ತದೆ ಎಂಬುದನ್ನು ಅಳೆದು ತೋರಿಸಿದ್ದ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟು, ಒಮ್ಮೆ ಓದಿದ ಮೇಲೆ ಕೆಲವರಿಂದ ಅದನ್ನೇ ಮತ್ತೆ ಓದಿಸಿದರು, ಕೆಲವರಿಂದ ಪುಸ್ತಕ ಮುಚ್ಚಿ ನೆನಪಾದಷ್ಟನ್ನು ಬರೆಸಿದರು. ಐದು ನಿಮಿಷದ ಬಳಿಕ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಅವರಲ್ಲಿ ಉಳಿದದ್ದು ಶೇ. 42; ಮುಚ್ಚಿಟ್ಟು ನೆನಪಿಸಿಕೊಂಡವರಲ್ಲಿ ಶೇ. 56. ಪಾಠ ಮುಗಿದ ಸಂಜೆ ನಮಗೆ ಕಾಣುವ ಜಾಣತನ ಆ ಐದು ನಿಮಿಷದ ಜಾಣತನ. ಪರೀಕ್ಷೆ ಇರುವುದು ತಿಂಗಳುಗಳ ಆಚೆ.

"ಮೇಷ್ಟ್ರೇ, ಒಬ್ಬರಿಗೊಬ್ಬರು ಕೂತು ಹೇಳಿಕೊಟ್ಟರೆ ಲಾಭವಾಗುತ್ತದೆ ಎಂದು ಬ್ಲೂಮ್ ತೋರಿಸಿಲ್ಲವೇ?" ಎಂದು ಬಿ.ಎಡ್. ಓದಿದ ಶಿಷ್ಯರು ಕೇಳಿಯಾರು. ನಿಜ, ಬೆಂಜಮಿನ್ ಬ್ಲೂಮ್ 1984ರಲ್ಲಿ ಹಾಗೆ ಬರೆದರು. ಆದರೆ ಅವರು ಹೇಳಿದ ಪಾಠದಲ್ಲಿ ಮಗುವನ್ನು ಆಗಾಗ ಪರೀಕ್ಷಿಸುವುದು, ತಪ್ಪನ್ನು ತಿದ್ದಿಸುವುದು, ಹಿಡಿತ ಬಂದ ಮೇಲೆ ಮುಂದೆ ಹೋಗುವುದು ಎಲ್ಲ ಸೇರಿತ್ತು. ಮಿಷೆಲೀನ್ ಚಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ನಮ್ಮ ವೃತ್ತಿಯವರ ಅಹಂಕಾರಕ್ಕೇ ಪೆಟ್ಟು. ರಕ್ತಪರಿಚಲನೆಯ ಪಾಠದಲ್ಲಿ ಟ್ಯೂಟರುಗಳು ವಿವರಣೆ ನೀಡದೆ, "ಇದರ ಅರ್ಥವೇನು? ಇನ್ನೂ ಹೇಳು" ಎಂದು ಕೆದಕುತ್ತಾ ಹೋದಾಗಲೂ ಮಕ್ಕಳು ಅಷ್ಟೇ ಚೆನ್ನಾಗಿ ಕಲಿತರು!

"ಅದೆಲ್ಲ ಸಿದ್ಧಾಂತ, ನಮಗೆ ಅಂಕ ಬೇಕು" ಎನ್ನುವವರಿಗೂ ಉತ್ತರವಿದೆ. 2025ರಿಂದ ಈ ಪರೀಕ್ಷೆಯ ಸ್ವರೂಪ ಬದಲಾಗಿದೆ. ಹಿಂದೆ ಬಹುಆಯ್ಕೆಯ ಪ್ರಶ್ನೆಗಳು 100. ಈಗ 75, ಅವಧಿ 90 ನಿಮಿಷ. ಆಮೇಲೆ 70 ನಿಮಿಷಗಳಲ್ಲಿ ಎರಡು ಬರವಣಿಗೆಯ ಪ್ರಶ್ನೆಗಳು; ಒಟ್ಟು ಅಂಕದ ಮೂರನೆಯ ಒಂದು ಪಾಲು ಅವುಗಳದು. ಒಂದರಲ್ಲಿ ಯಾವುದೋ ಸಂಶೋಧನೆಯ ಸಾರಾಂಶ ಕೊಟ್ಟು, ಬಳಸಿದ ವಿಧಾನ ಯಾವುದು, ಅಂಕಿಅಂಶದ ಅರ್ಥವೇನು, ಫಲಿತಾಂಶ ಯಾರ ಯಾರಿಗೆ ಅನ್ವಯಿಸೀತು ಎಂದೆಲ್ಲ ಕೇಳುತ್ತಾರೆ. ಇನ್ನೊಂದರಲ್ಲಿ ಮೂರು ಆಧಾರಗಳನ್ನು ಕೊಟ್ಟು, ನೀನೇ ಒಂದು ವಾದವನ್ನು ಮಂಡಿಸಿ ಸಮರ್ಥಿಸು ಎನ್ನುತ್ತಾರೆ. ಇದಕ್ಕೆ ಯಾವ ಕಾರ್ಡಿನ ಹಿಂಬದಿಯಲ್ಲಿ ಉತ್ತರವಿದೆ?

ಮರುದಿನ ನಾನು ಮೊಮ್ಮಗಳನ್ನು ಕೂರಿಸಿಕೊಂಡು, "ಪುಟ್ಟೀ, ಋಣಾತ್ಮಕ ಪುನರ್ಬಲನ ಅಂದರೇನಮ್ಮ?" ಎಂದು ಕೇಳಿದೆ. ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಎಂದು ಬಿಡಿಸಿ ಹೇಳಿದೊಡನೆ ವ್ಯಾಖ್ಯೆಯನ್ನು ಗಿಣಿಯಂತೆ ಒಪ್ಪಿಸಿದಳು. ಉದಾಹರಣೆ ಕೇಳಿದರೆ, "ಅಮ್ಮ ಬೈಯೋದು" ಎಂದಳು. ಬಾಯಿಗೆ ಬಂದಿದ್ದ ಉತ್ತರವನ್ನು ನುಂಗಿಕೊಂಡು, "ಅಮ್ಮ ಬೈದರೆ ಏನು ಮಾಡ್ತೀಯೆ?" ಎಂದಷ್ಟೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. "ರೂಮು ಗುಡಿಸ್ತೀನಿ... ಗುಡಿಸಿದ್ರೆ ಬೈಯೋದು ನಿಲ್ಲತ್ತೆ... ಅದು ನಿಲ್ಲತ್ತೆ ಅಂತ ಮುಂದಿನ ಸಲ ಬೇಗ ಗುಡಿಸ್ತೀನಿ. ತಾತ! ಬೈಯೋದಲ್ಲ, ಬೈಯೋದು ನಿಲ್ಲೋದು!" ಎಂದು ಕೂಗಿದಳು. ಆ ಮೌನದಲ್ಲಿ ನಡೆದದ್ದೇ ಕಲಿಕೆ. ಅದನ್ನು ನಾನು ತುಂಬಿಬಿಟ್ಟಿದ್ದರೆ ನನ್ನ ಪಾಂಡಿತ್ಯ ಮೆರೆಯುತ್ತಿತ್ತು, ಅವಳ ಕೈ ಬರಿದಾಗಿರುತ್ತಿತ್ತು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಬಿ.ಎಡ್. ಪರೀಕ್ಷೆಗೆಂದು ಮರೆವಿನ ರೇಖೆಯನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಕೂಡಲೇ ಮರೆತವನು ನಾನು. ತರಗತಿಯಲ್ಲಿ ಪ್ರಶ್ನೆ ಕೇಳಿ, ಕಾಯುವ ತಾಳ್ಮೆಯಿಲ್ಲದೆ ನಾನೇ ಉತ್ತರ ಹೇಳಿ, ನೋಟ್ಸ್ ಬರೆಸಿದೆ. ಹಿಂದಿನ ಬೆಂಚಿನಲ್ಲಿ ಕುಳಿತು "ನನಗೆ ತಲೆಯಿಲ್ಲ" ಎಂದು ನಂಬಿಕೊಂಡು ಹೋದವರು ನಿಮ್ಮಲ್ಲಿ ಎಷ್ಟು ಮಂದಿಯೋ! ಅವರಲ್ಲಿ ಕ್ಷಮೆ ಕೇಳುತ್ತೇನೆ. ತಲೆ ನಿಮಗಿತ್ತು, ತಾಳ್ಮೆ ನನಗಿರಲಿಲ್ಲ.

ನಮ್ಮ ಮನೆಯಲ್ಲಿ ವಾರಕ್ಕೆ ಎರಡೇ ಸಂಜೆ ಉಳಿಯಿತು. ಅದೇ ಟ್ಯೂಟರಿಗೆ ಮಗಳು ಹೇಳಿದ್ದು ಇಷ್ಟು: ಮೊದಲ ಇಪ್ಪತ್ತು ನಿಮಿಷ ಮಗು ಪುಸ್ತಕ ಮುಚ್ಚಿ ಹೇಳಲಿ, ನೀವು ಕೇಳಿ, ಕಾರ್ಡುಗಳನ್ನು ಅವಳೇ ಬರೆಯಲಿ, ಕಳೆದ ವಾರದ್ದನ್ನೂ ಕಳೆದ ತಿಂಗಳಿನದನ್ನೂ ನಡುನಡುವೆ ಕೇಳಿ, ಅವಳು ತಪ್ಪಿದರೆ ಕೂಡಲೇ ತಿದ್ದಬೇಡಿ. ಅವರು ಸಂತೋಷದಿಂದ ಒಪ್ಪಿದರು. ತಂದೆತಾಯಿಯರು ಮಾತಿಗೆ ಹಣ ಕೊಡುತ್ತಾರೆ, ಮೌನಕ್ಕೆ ಕೊಡುವುದಿಲ್ಲ ಎಂಬ ಅಳುಕು ಅವರಿಗೂ ಇತ್ತಂತೆ.

ಮೇ ತಿಂಗಳಲ್ಲಿ ಎಷ್ಟು ಬಂತು ಎಂದು ಬರೆಯುವುದಿಲ್ಲ. ಬರೆದರೆ ನೀವು ಅದೊಂದನ್ನೇ ನೆನಪಿಟ್ಟುಕೊಳ್ಳುತ್ತೀರಿ. "ನಂಗೆ ತಲೆ ಇಲ್ಲ" ಎಂಬ ಮಾತು ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ.

ಎಡಿಸನ್‌ನಲ್ಲಿರಲಿ, ಅರಸೀಕೆರೆಯಲ್ಲಿರಲಿ, ಇಂದು ಸಂಜೆ ನಿಮ್ಮ ಮಗುವಿನ ಪಾಠದ ಕೋಣೆಯ ಹೊರಗೆ ಹತ್ತು ನಿಮಿಷ ನಿಲ್ಲಿ. ಯಾರ ಧ್ವನಿ ಹೆಚ್ಚು ಕೇಳುತ್ತದೆ ಎಂದು ಗಮನಿಸಿ. ಅದು ಮಗುವಿನದಲ್ಲದಿದ್ದರೆ, ನೀವು ಕೊಡುತ್ತಿರುವ ಹಣದಲ್ಲಿ ಟ್ಯೂಟರೇ ಮತ್ತೊಮ್ಮೆ ಪಾಠ ಕಲಿಯುತ್ತಿದ್ದಾರೆ. ನನ್ನ ಮಾತು ತಪ್ಪೆನಿಸಿದರೆ ಸಂಕೋಚವಿಲ್ಲದೆ ತಿದ್ದಿ. ಈಗ ಕಾಯುವುದನ್ನು ಕಲಿತಿದ್ದೇನೆ.

ಇಂತಿ ನಿಮ್ಮ ಮೇಷ್ಟ್ರು