ವೈನು ಕುದ್ದು ಹೋಗುತ್ತೆ ಅನ್ನೋ ಮಾತು

ಕೋಕ್ ಓ ವ್ಯಾನ್ ಮನೇಲಿ ಮಾಡೋದು ಹೇಗೆ ಅಂತ ಕೇಳಿದೋರು ಕೊನೇಲಿ ಒಂದು ಮಾತು ಸೇರಿಸ್ತೀರ. "ಹೆಂಗೂ ಕುದಿಸ್ತೀವಲ್ಲ, ವೈನೆಲ್ಲ ಆವಿಯಾಗಿ ಹೋಗುತ್ತೆ, ತಿನ್ನೋರಿಗೆ ಹೇಳೋದೇನೂ ಬೇಡ." ಹೋಗುತ್ತೆ ಅನ್ನೋದು ಪೂರ್ತಿ ನಿಜ ಅಲ್ಲ, ಹೇಳೋದು ಬೇಡ ಅನ್ನೋದು ಸರಿಯಲ್ಲ ಕಣ್ರೇ.

ಇದು ಫ್ರಾನ್ಸಿನ ಅಡುಗೆ. ಕೋಕ್ ಅಂದ್ರೆ ಹುಂಜ, ವ್ಯಾನ್ ಅಂದ್ರೆ ವೈನು. ಬರ್ಗಂಡಿ ಕಡೆ ಕೆಂಪು ವೈನು ಹಾಕ್ತಾರೆ, ಅಲ್ಸಾಸ್ ಕಡೆ ರೀಸ್ಲಿಂಗ್ ಅನ್ನೋ ಬಿಳಿ ವೈನು. ಜೊತೆಗೆ ಬೇಕನ್ ತುಂಡು, ಪುಟ್ಟ ಈರುಳ್ಳಿ, ಅಣಬೆ, ಥೈಮ್ ಸೊಪ್ಪು. ಕೊನೇಲಿ ಬೆಣ್ಣೇಲಿ ಮೈದಾ ಕಲಸಿ ಹಾಕಿ ಗೊಜ್ಜು ಗಟ್ಟಿ ಮಾಡೋದು. ಬಲಿತ ಹುಂಜ ಆದ್ರೆ ಸಣ್ಣ ಉರೀಲಿ ಎರಡೂವರೆ, ಮೂರು ಗಂಟೆ ಬೇಯಬೇಕು. ನಾಟಿ ಕೋಳಿ ಸಾರು ಮಾಡೋ ನಮಗೆ ಆ ತಾಳ್ಮೆ ಹೊಸದಲ್ಲ.

ಆದ್ರೆ ಈಗ ನಾವು ತರೋದು ಬ್ರಾಯ್ಲರ್. ಮುಕ್ಕಾಲು ಗಂಟೇಲಿ ಬೆಂದು ಬಿಡುತ್ತೆ, ಎಡವಟ್ಟು ಅಲ್ಲೇ ಇರೋದು. ಅಮೆರಿಕದ ಕೃಷಿ ಇಲಾಖೆಯವರು ಕೊಟ್ಟಿರೋ ಲೆಕ್ಕದ ಪ್ರಕಾರ ಅರ್ಧ ಗಂಟೆ ಕುದಿಸಿದ್ರೆ ಹಾಕಿದ ಆಲ್ಕೋಹಾಲಲ್ಲಿ ಸುಮಾರು 35% ಉಳಿಯುತ್ತೆ, ಒಂದು ಗಂಟೆಗೆ 25%, ಎರಡೂವರೆ ಗಂಟೆ ಆದ ಮೇಲೂ 5%. ಬ್ರಾಂದಿ ಸುರಿದು ಬೆಂಕಿ ಹಚ್ಚಿದ್ರೆ ಎಲ್ಲ ಉರಿದು ಹೋಯ್ತು ಅನ್ಕೊಳ್ತೀವಿ, ಅದರಲ್ಲೂ ಮುಕ್ಕಾಲು ಪಾಲು ಹಾಗೇ ಇರುತ್ತೆ. ಬಾಯಿ ಅಗಲದ ಪಾತ್ರೇಲಿ ಬೇಗ ಹೋಗುತ್ತೆ, ಕುಕ್ಕರಲ್ಲಿ ಮುಚ್ಚಿ ಕೂಗಿಸಿದ್ರೆ ಹೋಗೋಕೆ ದಾರಿ ಕಮ್ಮಿ.

"ಅಷ್ಟರಿಂದ ಯಾರಿಗೆ ಅಮಲೇರುತ್ತೆ?" ಅಂತೀರ. ಏರಲ್ಲ, ಒಪ್ಪಿದೆ. ಒಂದು ಬಾಟ್ಲಿ ಆರು ಜನಕ್ಕೆ ಹಂಚಿದ್ರೆ ತಟ್ಟೆಗೆ ಬರೋದು ಚಮಚದಷ್ಟೇ. ಆದ್ರೆ ನಮ್ಮ ಬಳಗದಲ್ಲೇ ಕುಡಿತ ಬಿಟ್ಟು ವರ್ಷ ಎಣಿಸ್ತಾ ಇರೋರಿದ್ದಾರೆ. ಹೆಸರು ಬೇಡ, ನಿಮಗೆ ಗೊತ್ತು. ಅವರ ಹೆಂಡ್ತಿ ಪಟ್ಟ ಪಾಡೂ ಗೊತ್ತು. ಅಂಥೋರಿಗೆ ಆ ವಾಸನೆ, ಆ ರುಚಿ ನಾಲಿಗೆಗೆ ತಾಕೋದೇ ದೊಡ್ಡದು. ಕುಡಿತ ಬಿಡಿಸೋಕೆ ಕೊಡೋ ಡೈಸಲ್ಫಿರಾಮ್ ಮಾತ್ರೆ ನುಂಗ್ತಿದ್ರಂತೂ ಅಡುಗೇಲಿರೋ ಸ್ವಲ್ಪವೇ ವಾಂತಿ, ತಲೆನೋವು, ಎದೆಬಡಿತ ತರಬಹುದು.

ಕೇಕಲ್ಲಿ ಮೊಟ್ಟೆ ಇದೆ ಅಂತ ತಿನ್ನದೋರಿಗೆ ಹುಡುಕ್ಕೊಂಡು ಹೋಗಿ ಹೇಳ್ತೀವಿ. ಇದರಲ್ಲಿ ಹಂದಿಮಾಂಸ ಇದೆ ಅಂತಾನೂ ಹೇಳ್ತೀವಿ. ವೈನು ಮಾತ್ರ ಯಾಕೆ ಬಾಯಿ ಕಟ್ಟಿಸಬೇಕು? ಕೇಳಿದ್ರೆ "ಸುಮ್ನೆ ಅವರ ಮನಸ್ಸು ನೋಯಿಸೋದ್ಯಾಕೆ" ಅನ್ನೋ ಉತ್ತರ. ಗೊತ್ತಿಲ್ದೆ ತಿನ್ನಿಸೋದು ಅದಕ್ಕಿಂತ ನೋವು. ವರ್ಷಗಟ್ಲೆ ಹಲ್ಲು ಕಚ್ಚಿ ಕಾಪಾಡಿಕೊಂಡಿದ್ದನ್ನ ನಾವು ಸೌಟಲ್ಲಿ ಕಲಕಿದ ಹಾಗೆ.

ಮಾಡಬೇಡಿ ಅಂತ ನಾನು ಹೇಳ್ತಿಲ್ಲ, ಚೆನ್ನಾಗಿರುತ್ತೆ, ಮಾಡಿ. ನಾಲ್ಕು ತುಂಡು ಬೇರೆ ಪಾತ್ರೇಲಿಟ್ಟು, ಬೇಕನ್, ವೈನು ಎರಡೂ ಇಲ್ದೆ, ಕೋಳಿ ಮೂಳೆ ಕುದಿಸಿದ ನೀರಲ್ಲಿ ಅದೇ ಈರುಳ್ಳಿ, ಅಣಬೆ ಹಾಕಿ ಬೇಯಿಸಿ. ಸೌಟು ಬೇರೆ ಇಡಿ. ಬಡಿಸೋಕೆ ಮುಂಚೆ, ಎಲ್ಲರೂ ಕೂತಿರೋವಾಗಲೇ, ಯಾರ ಮುಖಾನೂ ನೋಡದೆ "ಇದಕ್ಕೆ ವೈನು ಹಾಕಿದೆ, ಅದಕ್ಕಿಲ್ಲ" ಅನ್ನಿ. ಯಾರು ಯಾವುದು ಬಡಿಸ್ಕೊಂಡ್ರು ಅಂತ ಆಮೇಲೆ ಮಾತಾಡಬೇಡಿ.