ಶಿಬಿರ ಮುಗಿದ ಮೇಲೂ ಊರಿಗೆ ಬನ್ನಿ



ಕಳೆದ ವರ್ಷ ನಮ್ಮೂರಿನಲ್ಲಿ ಪದವಿ ಕಾಲೇಜೊಂದರ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರ ನಡೆಯಿತು. ಏಳು ದಿನ ಹುಡುಗರು ಚರಂಡಿ ಬಳಿದರು, ಗುಡಿ ಮುಂದಿನ ಪಾರ್ಥೇನಿಯಂ ಕಿತ್ತರು, ಸಂಜೆ ನಾಟಕ ಆಡಿದರು. ಅವರ ಉತ್ಸಾಹಕ್ಕೆ ಹೆಸರಿಡುವಂತಿಲ್ಲ. ಆದರೆ ಸಮಾರೋಪದ ಶಾಲು-ಹಾರ ಮುಗಿದ ಮೇಲೆ ಈ ಕಡೆ ಯಾರೂ ತಲೆಹಾಕಲಿಲ್ಲ. ನೆಟ್ಟ ಸಸಿಗಳು ಮೇಕೆಗಳ ಪಾಲಾದವು.

ಗಾಂಧೀಜಿ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಯೋಜನೆ ಎನ್‌ಎಸ್‌ಎಸ್. ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕೆಂಬ ನಿಯಮವಿದೆ. ಪೊರಕೆ ಹಿಡಿಯುವುದು ತಪ್ಪಲ್ಲ; ಪಂಚಾಯ್ತಿ ಮಾಡಬೇಕಾದ್ದನ್ನು ವಿದ್ಯಾರ್ಥಿಗಳು ಮಾಡಿದ್ದಾಯಿತು, ಅಷ್ಟೆ. ಅವರು ಓದುತ್ತಿರುವ ವಿದ್ಯೆಯೂ ಊರಿಗೆ ಬರಬೇಡವೇ? ಉದಾಹರಣೆಗೆ, ನಮ್ಮ ಪಾವಗಡ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕಾಟ ಹಳೆಯದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಬೇಸಿಗೆ, ಮಳೆಗಾಲ ಎರಡರಲ್ಲೂ ನೀರು ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯ್ತಿ ಗೋಡೆಗೆ ಅಂಟಿಸಲಿ. ಬಿ.ಕಾಂ. ಓದುವವರು ಸ್ತ್ರೀಶಕ್ತಿ ಸಂಘಗಳಿಗೆ ಲೆಕ್ಕದ ಪುಸ್ತಕ ಬರೆಯಲು ನೆರವಾಗಲಿ. (ಸಾಲ ವಸೂಲಿಯ ವಿಚಾರದಲ್ಲಿ ನಮ್ಮ ಹೆಂಗಸರಿಂದ ಅವರು ಕಲಿಯುವುದೇ ಹೆಚ್ಚು!) ಊರಲ್ಲಿ ಕಂಡದ್ದು ತರಗತಿಯಲ್ಲಿ ಚರ್ಚೆಯಾಗಲಿ, ಆಂತರಿಕ ಅಂಕಕ್ಕೂ ಸೇರಲಿ.

ಒಂದು ಊರನ್ನು ಕನಿಷ್ಠ ಮೂರು ವರ್ಷ ಅದೇ ಕಾಲೇಜಿಗೆ ಒಪ್ಪಿಸಿ, ವಿದ್ಯಾರ್ಥಿಗಳಿಗೆ ಬಸ್ ಚಾರ್ಜನ್ನಾದರೂ ಕೊಡಬೇಕು; ಶಿಬಿರದ ಕೆಲಸ ಗೊತ್ತುಮಾಡುವ ಮುನ್ನ ಗ್ರಾಮಸಭೆಯಲ್ಲಿ ಊರವರನ್ನು ಒಂದು ಮಾತು ಕೇಳಬೇಕು ಎಂದು ವಿಶ್ವವಿದ್ಯಾಲಯದ ಕುಲಪತಿಗಳಲ್ಲಿ ವಿನಂತಿ.

– ಓರ್ವ ಓದುಗ, ಪಾವಗಡ ತಾಲ್ಲೂಕು